ಮೂರು ಬೆರಳು ಗಿಡ್ಡ

ತಂತಿ ಕಡಿಯುವುದು ನನ್ನ ಕೈಯಲ್ಲೇ ಯಾಕೆ? ಈ ಪ್ರಶ್ನೆಯನ್ನು ಯಾರ ಮುಂದೆಯೂ ಇಟ್ಟಿಲ್ಲ. ಒಮ್ಮೆ ದಿನಚರಿಯಲ್ಲಿ ಬರೆಯಲು ಹೊರಟು, ಅರ್ಧ ಸಾಲಿಗೇ ನಾಚಿಕೆಯಾಗಿ, ಅಂದು ಊಟಕ್ಕಿದ್ದ ಮೀನಿನ ವಿಷಯ ಬರೆದು ಮುಚ್ಚಿಟ್ಟೆ.

ನಮ್ಮೂರು ಎಲ್ ಹೊಬಾಲ್‌ನಲ್ಲಿ ಫಂದಾಂಗೊ ನಡೆದಾಗ, ಅಂದರೆ ಊರೆಲ್ಲ ಸೇರಿ ಬಾರಿಸಿ ಹಾಡಿ ಹಲಗೆಯ ಮೇಲೆ ಕುಣಿಯುವಾಗ, ನಾನು ಕೂರುವುದು ಹಿಂದಿನ ಸಾಲಿನ ತುದಿಗೆ, ಚಿಕ್ಕಮ್ಮನ ಮಗ ರುತಿಲಿಯೊನ ಬೆನ್ನ ಹಿಂದೆ. ರುತಿಲಿಯೊ ಬಾಗಿಲಷ್ಟು ಅಗಲದ ಮನುಷ್ಯ. ಅವನ ಹಿಂದೆ ಕೂತರೆ ನಾನೊಬ್ಬಳು ಅಲ್ಲಿದ್ದೇನೆಂಬುದು ಯಾರಿಗೂ ತಿಳಿಯುವುದಿಲ್ಲ. ಅದು ನನಗೆ ಹಿತ. ಆದರೆ ಕಳೆದ ಜೂನ್‌ನಿಂದ ಈಚೆಗೆ, ಕೂಟ ಕಾವೇರಿದ ಹೊತ್ತಿಗೆ ಸರಿಯಾಗಿ, ನನ್ನ ಜರಾನಾದ, ಅಂದರೆ ಗಿಟಾರಿನಂಥ ನಮ್ಮ ವಾದ್ಯದ, ಒಂದು ತಂತಿ ‘ಟಪ್’ ಎನ್ನುತ್ತದೆ. ಹತ್ತು ಜರಾನಾಗಳ ಗದ್ದಲದಲ್ಲೂ ಆ ಸದ್ದು ಕೇಳಿಸುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ.

‘ಏನಮ್ಮಾ ಚೆಲಿ, ಜರಾನಾ ಬಾರಿಸ್ತಿದ್ದೀಯೋ, ಕೋಳಿ ಕತ್ತು ಮುರೀತಿದ್ದೀಯೋ?’ ಎಂದು ರುತಿಲಿಯೊ ಹಿಂದಕ್ಕೆ ವಾಲಿ ಕೇಳುತ್ತಾನೆ.

‘ಕೈ ಭಾರ ಆಗಿದೆ ಹುಡುಗೀದು. ಗ್ರಂಥಾಲಯದಲ್ಲಿ ದಪ್ಪ ದಪ್ಪ ಪುಸ್ತಕ ಎತ್ತಿ ಎತ್ತಿ ಹಿಂಗಾಗಿದೆ,’ ಎನ್ನುತ್ತಾರೆ ಮುಂದಿನ ಸಾಲಿನಿಂದ ದೋನ್ ಎಲಿಹಿಯೊ.

ನಾನು ನಗುತ್ತೇನೆ. ನಕ್ಕರೆ ಮಾತು ಬೇಗ ಮುಗಿಯುತ್ತದೆ. ಆದರೆ ಒಳಗೊಳಗೆ ಭಯ. ಹಲಾಪಾದಲ್ಲಿ ಪದವಿ ಮುಗಿಸಿ ಊರಿಗೆ ಬಂದಮೇಲೆ ನನ್ನದು ಅಂತ ನನಗಿರುವುದು ಈ ಒಂದು ಜಾಗ, ರುತಿಲಿಯೊನ ಬೆನ್ನ ಹಿಂದಿನ ಮೊಣಕಾಲುಮಣೆ. ಅದಕ್ಕೂ ನಾನು ತಕ್ಕವಳಲ್ಲವೇನೋ?

ನನ್ನದು ತಾತ ಬಾರಿಸುತ್ತಿದ್ದ ಜರಾನಾ, ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಜರಾನಾಗಳಿಗೆ ಅಳತೆಯೇ ಹೆಸರು. ಮೊಳಕೈಯಷ್ಟು ಉದ್ದದ್ದು ಸೊಳ್ಳೆ. ಅದಕ್ಕಿಂತ ದೊಡ್ಡದು ಒಂದನೆಯದು, ಆಮೇಲೆ ಎರಡನೆಯದು, ಕೊನೆಗೆ ಮೂರನೆಯದು. ಎಲ್ಲವನ್ನೂ ಒಂದೊಂದೇ ಸೀಡರ್ ದಿಮ್ಮಿಯಲ್ಲಿ ಕೊರೆದು ಮಾಡುತ್ತಾರೆ. ಸೊಳ್ಳೆ ಮಾತ್ರ ಮೇಲಿನ ಸಪ್ತಕದಲ್ಲಿ ಗುಂಯ್‌ಗುಡುತ್ತದೆ, ಉಳಿದ ಮೂರೂ ಒಂದೇ ಶ್ರುತಿ. ಅಕ್ಕತಂಗಿಯರು ಒಂದೇ ಮಾತನ್ನು ಬೇರೆ ಬೇರೆ ಗಂಟಲಲ್ಲಿ ಹೇಳಿದ ಹಾಗೆ. ಆನೆಯಂಥ ರುತಿಲಿಯೊನ ಕೈಯಲ್ಲಿ ಸೊಳ್ಳೆ ಸೌಟಿನಂತೆ ಕಾಣುತ್ತದೆ. ಅವನ ಎದೆಮಟ್ಟಕ್ಕೆ ಬರುವ ನಾನು ಮೂರನೆಯದನ್ನು ತಬ್ಬಿ ಕೂರುತ್ತೇನೆ. ‘ಜರಾನಾನೇ ಹುಡುಗೀನ ಎತ್ಕೊಂಡು ಬರ್ತಿದೆ ನೋಡ್ರೋ’ ಎನ್ನುವುದು ಊರಿನ ಹಳೆಯ ತಮಾಷೆ.

ಆದರೆ ಹೋದ ವರ್ಷ ನಮ್ಮ ಮನೆಗೆ ಬಂದ ನಿಜವಾದ ಕಷ್ಟ ನನ್ನ ತಂತಿಯದಲ್ಲ, ಅಜ್ಜಿಯ ಗಂಟಲಿನದು.

ಅಜ್ಜಿ ಪೆತ್ರೊನಿಲಾ ಎಂದರೆ ಈ ಕಡೆಯ ಎಂಟು ಹತ್ತು ಊರುಗಳಿಗೂ ಗೊತ್ತು. ಕುಣಿಯುವ ಹಲಗೆಯ ಪಕ್ಕ ನಿಂತು ಪದ ಎತ್ತಿದಳೆಂದರೆ ಎದುರಿನವನಿಗೆ ಉತ್ತರ ಕಟ್ಟಲು ಬೆವರು ಬರುತ್ತಿತ್ತು. ಪದಕ್ಕೆ ಪದ ಕೊಡುವುದು, ಎಡವಿದವರನ್ನು ಮರುಪದದಲ್ಲೇ ಹಂಗಿಸುವುದು, ಹಂಗಿಸಿಕೊಂಡವರು ಇನ್ನೂ ಚೂಪಾಗಿ ತಿರುಗಿಸುವುದು, ಅದೇ ನಮ್ಮ ಹಾಡಿನ ಸುಖ. ಕಳೆದ ಆಗಸ್ಟಿನಲ್ಲಿ ಒಂದು ಮದುವೆಯಲ್ಲಿ ಅಜ್ಜಿ ಮೊದಲ ಸಾಲು ಹಾಡಿ ಎರಡನೆಯದಕ್ಕೆ ಏರಿದಾಗ ಗಂಟಲು ಬಿರಿಯಿತು. ಒಡೆದ ಮಡಕೆಗೆ ಕಲ್ಲು ತಾಗಿದಂಥ ಸದ್ದು. ಎದುರಿಗಿದ್ದವನು ಹೊಳೆಯಾಚೆಯ ಊರಿನ ಹಾಡುಗಾರ, ಅಜ್ಜಿಯ ಜೊತೆ ನಲವತ್ತು ವರ್ಷ ಜಗಳವಾಡಿದವನು. ಅವನು ಏನೂ ಆಗಿಲ್ಲವೆಂಬಂತೆ ಮುಂದಿನ ಪದ ಎತ್ತಿಕೊಂಡುಬಿಟ್ಟ. ಒಂದು ಚುಚ್ಚುಮಾತಿಲ್ಲ.

ಮನೆಗೆ ಬಂದು ಅಜ್ಜಿ ಶಾಲು ಮಡಚುತ್ತಾ ಹೇಳಿದಳು: ‘ಅವನು ನನ್ನ ಹಂಗಿಸ್ಲಿಲ್ಲ ಕಣೇ ಚೆಲಿ. ಸತ್ತೋರನ್ನ ಯಾರೂ ಹಂಗಿಸಲ್ಲ.’

ಆಮೇಲೆ ಜೇನು, ನಿಂಬೆ, ನೀಲಗಿರಿ ಎಲೆಯ ಹಬೆ ಎಲ್ಲ ಆಯಿತು. ಸಾಂತಿಯಾಗೊದ ಡಾಕ್ಟರ್ ಟಾರ್ಚು ಬಿಟ್ಟು ನೋಡಿ, ‘ಗಂಟಲಲ್ಲಿ ಏನೂ ಇಲ್ಲ ಅಜ್ಜಿ, ವಯಸ್ಸು’ ಎಂದರು. ಅಜ್ಜಿ ಆ ಮಾತನ್ನು ತಲೆಗೆ ಹಾಕಿಕೊಂಡಳು. ಮುಂದಿನ ಫಂದಾಂಗೊಗಳಲ್ಲಿ ಅಡುಗೆಯವರ ಜೊತೆ ಒಳಗೇ ಉಳಿದಳು. ಮನೆಯಲ್ಲಿ ಹಾಡಿನ ಮಾತು ಬಂದರೆ ಎದ್ದು ಹೋಗಿ ಹಂದಿಗೆ ತೌಡು ಹಾಕುತ್ತಿದ್ದಳು. ಹಂದಿ ಊದಿಕೊಂಡಿತು.

ಜನವರಿ ಕೊನೆಗೆ ಪಕ್ಕದ ದೋನ್ಯಾ ಚೆಂಚಾ ಬಂದು ಕಂಬಕ್ಕೊರಗಿ ನಿಂತರು. ಫೆಬ್ರುವರಿ ಎರಡಕ್ಕೆ ಅವರ ಮನೆಯಲ್ಲಿ ಬಾಲಯೇಸುವಿನ ಮೂರ್ತಿಯನ್ನು ಹುಲ್ಲಿನ ಗೋದಲಿಯಿಂದ ಎಬ್ಬಿಸಬೇಕು. ಎಬ್ಬಿಸುವಾಗ ಮೊದಲ ಪದ ಹಾಡುವವಳು ಆ ಮಗುವಿನ ಧರ್ಮತಾಯಿ.

‘ಈ ಸಲ ನೀನೇ ಆಗ್ಬೇಕು ನಿಲಾ.’

‘ನನ್ನ ಗಂಟಲು ಕೇಳಿಲ್ವಾ ನೀನು? ಮಗು ಹೆದರ್ಕೊಂಡು ಹುಲ್ಲೊಳಗೆ ವಾಪಸ್ ಹೋಗುತ್ತೆ.’

‘ಹೋದ್ರೆ ನಾನು ಕಾಲು ಹಿಡ್ದು ಎಳೀತೀನಿ. ಬರ್ತೀಯೋ ಇಲ್ವೋ?’

ಅಜ್ಜಿ ಬಹಳ ಹೊತ್ತು ಬೀನ್ಸ್ ಆರಿಸಿದಳು. ‘ಮಗು ಕರೆದ್ರೆ ಬರಲ್ಲ ಅನ್ನೋಕಾಗುತ್ತಾ? ಬರ್ತೀನಿ. ಆದ್ರೆ ಅದೇ ಕೊನೇದು. ಅಲ್ಲಿ ಒಡೀಲಿ, ಒಡೀದೆ ಇರ್ಲಿ, ಇನ್ಮೇಲೆ ಯಾರೂ ನನ್ನ ಹತ್ರ ಹಾಡು ಅಂತ ಕೇಳ್ಕೂಡ್ದು. ಮಾತು ಕೊಡು.’

ಚೆಂಚಾ ಮಾತು ಕೊಟ್ಟರು. ಅಂದು ಸಂಜೆ ಅಜ್ಜಿ ನನ್ನನ್ನು ಕರೆದು, ‘ಸ್ವಲ್ಪ ಬಾರ್ಸು ನೋಡೋಣ’ ಎಂದಳು. ಬಾರಿಸಿದೆ. ಮೊದಲ ಸಾಲು ಬಂತು. ಎರಡನೆಯದಕ್ಕೆ ಏರಿದಳು, ಅದೇ ಬಿರುಕು. ಮತ್ತೊಮ್ಮೆ, ಮತ್ತದೇ. ‘ಸಾಕು ಬಿಡು,’ ಎಂದು ಎದ್ದುಹೋದಳು. ಆ ಕ್ಷಣ ನನ್ನ ಜರಾನಾದ ಇನ್ನೊಂದು ತಂತಿ ‘ಟಪ್’ ಎಂದಿತು. ಬಾರಿಸುತ್ತಿರಲೂ ಇಲ್ಲ, ಸುಮ್ಮನೆ ತೊಡೆಯ ಮೇಲಿತ್ತು. ಕೈ ಭಾರವೆಂದು ಇನ್ನು ಯಾರೂ ಹೇಳುವಂತಿರಲಿಲ್ಲ, ಆದರೆ ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಚೆಂಚಾ ಅವರ ಹಿತ್ತಲಲ್ಲಿ ತಮಾಲೆ ಕಡುಬು ಕಟ್ಟಲು ಬಾಳೆಯೆಲೆ ಬಾಡಿಸುವ ಕೆಲಸ. ಚೆಂಚಾ ಎಲೆಯನ್ನು ಬೆಂಕಿಗೆ ಹಿಡಿಯುವುದು, ಅಜ್ಜಿ ಒದ್ದೆಬಟ್ಟೆಯಲ್ಲಿ ಒರೆಸುವುದು, ನಾನು ಅಳತೆಗೆ ಹರಿದು ಜೋಡಿಸುವುದು. ಕೂರಲು ಜಾಗ ಸಿಗದೆ ಬೇಲಿಯ ಬದಿಗಿದ್ದ ಪೆಟ್ಟಿಗೆಯ ಮೇಲಿನ ಕೋಳಿಯನ್ನು ಓಡಿಸಿ, ಕೊಳೆ ಒರೆಸಿ ಕೂತೆ. ಅದು ಚೆಂಚಾ ಅವರ ಗಂಡ ದೋನ್ ತಾಚೊ ಅವರ ಮರಿಂಬೋಲ್. ದೊಡ್ಡ ಮರದ ಪೆಟ್ಟಿಗೆ, ಮುಂಭಾಗದಲ್ಲಿ ಒಂದು ತೂತು, ಅದರ ಮೇಲೆ ಸಾಲಾಗಿ ಕಬ್ಬಿಣದ ನಾಲಿಗೆಗಳು. ಬಾರಿಸುವವರು ಅದರ ಮೇಲೇ ಕೂತು, ಕಾಲ ನಡುವೆ ಕೈಬಿಟ್ಟು, ನಾಲಿಗೆ ಮೀಟುತ್ತಾರೆ. ನಾನು ಹುಟ್ಟುವ ಮೊದಲಿನಿಂದ ನಮ್ಮೂರ ಫಂದಾಂಗೊಗೆ ಕೆಳಸ್ವರ ಹಾಕುತ್ತಿದ್ದುದು ಅದೇ ಪೆಟ್ಟಿಗೆ. ಜೂನ್‌ನಲ್ಲಿ ದೋನ್ ಎಲಿಹಿಯೊ ಎಲ್ಲರೆದುರು, ‘ತಾಚೊ, ನಿನ್ನ ತಗಡಿಗೆ ತುಕ್ಕು ಹಿಡಿದಿದೆ, ಶ್ರುತಿಗೆ ಕೂರ್ತಿಲ್ಲ’ ಎಂದುಬಿಟ್ಟರು. ತಾಚೊ ಅದನ್ನು ಹೊತ್ತು ತಂದು ಬೇಲಿಯ ಹತ್ತಿರ ಬಿಸಾಕಿದ್ದರು. ಆಮೇಲೆ ಕೋಳಿಗಳು ಅದರ ಮೇಲೆ ಹತ್ತಿ ಕೂತವು.

ಅಜ್ಜಿ ಚೆಂಚಾರ ಹಿಟ್ಟಿಗೆ ಉಪ್ಪು ಸಾಲದೆಂದು ಬೈಯುತ್ತಿದ್ದಳು. ಬೈಗುಳದ ನಡುವೆ ಬಿಡುವು ಸಿಕ್ಕಾಗ ತನಗೆ ತಾನೇ ಗುನುಗುತ್ತಿದ್ದಳು. ಮಗುವನ್ನು ಎಬ್ಬಿಸುವ ಪದದ್ದೇ ಧಾಟಿ. ಗುನುಗು ಮೇಲಕ್ಕೆ ಹೋಯಿತು, ಇಳಿಯಿತು. ಬಿರುಕಿಲ್ಲ. ಏರುವ ಜಾಗದಲ್ಲೂ ಇಲ್ಲ. ನಾನು ಎಲೆ ಹರಿಯುವುದನ್ನು ನಿಲ್ಲಿಸಿದೆ. ಕೈ ಕೆಳಗೆ ಇಳಿದು, ಯಾಕೆಂದು ಯೋಚಿಸದೆ, ಒಂದು ನಾಲಿಗೆಯನ್ನು ಮೀಟಿತು.

ದೂಂ.

ಅಜ್ಜಿಯ ಗುನುಗಿನ ತಳಕ್ಕೇ ಬಂದು ಕೂತಿತು. ಆಕಸ್ಮಿಕ ಎಂದುಕೊಂಡು ಇನ್ನೊಂದು ಮೀಟಿದೆ. ಅದೂ ಕೂತಿತು. ಮೂರನೆಯದು ಕೋಳಿಯ ಹಿಕ್ಕೆ ಅಂಟಿ ಮಂಕಾಗಿತ್ತು, ಆದರೆ ಅದೂ ಸರಿಯೇ. ಅರವತ್ತು ವರ್ಷ ಈ ಪೆಟ್ಟಿಗೆಯ ಜೊತೆ ಹಾಡಿದ ಗಂಟಲು ಬೇರೆಲ್ಲಿ ಹೋಗಿ ಕೂರಬೇಕು?

ತಗಡಿಗೆ ತುಕ್ಕಿದ್ದರೆ ಅಜ್ಜಿಯ ಗಂಟಲಿಗೂ ಅದೇ ತುಕ್ಕು ಹಿಡಿದಿರಬೇಕಿತ್ತು. ನಾನು ಎದ್ದೆ. ಮನೆಗೆ ಹೋಗಿ ನನ್ನ ಜರಾನಾ ತಂದೆ. ‘ಎಲೆ ಯಾರು ಹರೀತಾರೆ, ನಿಮ್ಮಪ್ಪನಾ?’ ಎಂದು ಚೆಂಚಾ ಕೂಗಿದ್ದು ಕೇಳಿಸಿತು. ಮೂಲೆಯಲ್ಲಿ ನಿಂತು ಮೆಲ್ಲಗೆ ಮೀಟಿದೆ. ಜರಾನಾ ಎಲ್ಲೋ ಮೇಲಿತ್ತು. ಬಿರಡೆ ತಿರುಗಿಸಿ ಇಳಿಸುತ್ತಾ ಬಂದೆ. ವಾದ್ಯದ ಕತ್ತಿನ ಮೂರು ಮೆಟ್ಟಿಲಷ್ಟು ಕೆಳಗೆ ಇಳಿದಮೇಲೆ ಪೆಟ್ಟಿಗೆಗೂ ಅಜ್ಜಿಗೂ ಸೇರಿತು. ತಂತಿಗಳು ಬೆರಳಿನಡಿ ಮೃದುವಾದವು. ಈ ಮೃದುತ್ವ ನನಗೆ ಗೊತ್ತಿತ್ತು. ತಾತ ನನ್ನ ಬೆರಳು ಹಿಡಿದು ಕಲಿಸಿದಾಗ ಇದ್ದದ್ದು ಇದೇ. ಮರೆತುಹೋಗಿತ್ತು, ಅಷ್ಟೆ.

ಆಗ ಜೂನ್ ನೆನಪಾಯಿತು. ನಮ್ಮಲ್ಲಿ ಶ್ರುತಿ ಹುಟ್ಟುವುದು ರೆಕಿಂತೊದಿಂದ. ಅದು ಕೊಂಬಿನ ಕಡ್ಡಿಯಿಂದ ಮೀಟಿ ಧಾಟಿ ನುಡಿಸುವ ವಾದ್ಯ, ಜರಾನಾಗಳ ಹಿರಿಯಣ್ಣ. ದೋನ್ ಎಲಿಹಿಯೊ ಕಿವಿಯಾನಿಸಿ ತಮ್ಮ ರೆಕಿಂತೊದ ತಂತಿ ಬಿಗಿಯುತ್ತಾರೆ. ಎಷ್ಟು ಬಿಗಿಯಬೇಕು ಎಂದರೆ ‘ತಂತಿ ನಗೋವರೆಗೂ’ ಎನ್ನುತ್ತಾರೆ. ನಕ್ಕಿತೆಂದರೆ ಆ ಸ್ವರವನ್ನು ಪಕ್ಕದವರಿಗೆ ಕೊಡುತ್ತಾರೆ, ಅವರು ಅವರ ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಸಾಗಿ ಕೊನೆಗೆ ನನಗೆ ತಲುಪುತ್ತದೆ. ಒಮ್ಮೆ ರುತಿಲಿಯೊ ಫೋನಿನಲ್ಲಿ ಶ್ರುತಿ ನೋಡುವ ಏನನ್ನೋ ತೋರಿಸಲು ಹೋಗಿ, ‘ಕುಣಿಯೋದಕ್ಕೂ ಅದನ್ನೇ ಕಳಿಸಪ್ಪ’ ಎಂದು ಬೈಸಿಕೊಂಡಿದ್ದ.

ದೋನ್ ಎಲಿಹಿಯೊರ ಹಳೆಯ ರೆಕಿಂತೊ ಜೂನ್‌ನಲ್ಲಿ ಲಾರಿಯಿಂದ ಬಿದ್ದು ಅದೇ ಲಾರಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಅವರೇ ಕೂತು ಹೊಸದು ಕೊರೆದರು. ತೋರಿಸುತ್ತಾ ಎಲ್ಲರಿಗೂ ಹೇಳಿದ್ದರು: ‘ದಿಮ್ಮಿಯಲ್ಲಿ ಒಂದು ಗಂಟು ಬಂತು. ಮೂರು ಬೆರಳು ಗಿಡ್ಡ ಮಾಡಿಬಿಟ್ಟೆ. ಆದ್ರೂ ಹೆಂಗೆ ಹಾಡ್ತದೆ ಕೇಳಿ!’ ಹಾಡುತ್ತಿತ್ತು ನಿಜ. ಆದರೆ ಗಿಡ್ಡ ತಂತಿ ನಗುವುದು ಇನ್ನಷ್ಟು ಎತ್ತರದಲ್ಲಿ. ಅದು ನಕ್ಕ ಕಡೆಗೆ ನಾವೆಲ್ಲ ಏರಿಬಿಟ್ಟಿದ್ದೆವು. ಒಬ್ಬರಿಗೊಬ್ಬರು ಸರಿಯಾಗೇ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಎಳೆಯ ಹುಡುಗಿಯರಿಗೆ ಹಾಡಲು ಇನ್ನೂ ಸಲೀಸಾಗಿತ್ತು. ಏರಲಾಗದೆ ಉಳಿದದ್ದು ಕಬ್ಬಿಣದ ನಾಲಿಗೆ, ಅಜ್ಜಿಯ ಗಂಟಲು, ಮತ್ತೆ ಉಳಿದವಕ್ಕಿಂತ ಉದ್ದದ ತಂತಿಯಿರುವ ನನ್ನ ಮೂರನೆಯದು. ಅದು ಪಾಪ, ಕಡಿದು ಕಡಿದು ಹೇಳುತ್ತಲೇ ಇತ್ತು.

ಬೇಲಿಗೆ ಒರಗಿ ಸುಮ್ಮನೆ ನಿಂತುಕೊಂಡೆ. ಎಂಟು ತಿಂಗಳಿನಿಂದ ಹೆಗಲ ಮೇಲೆ ಯಾರೋ ಕೂತಿದ್ದರು, ಈಗ ಇಳಿದು ಹೋದರು ಎನಿಸಿತು. ಅಳುವೂ ಬಂತು, ನಗುವೂ ಬಂತು. ಎರಡನ್ನೂ ಬಾಳೆಯೆಲೆಯ ಹಿಂದೆ ಮುಗಿಸಿದೆ.

ಈಗಲೇ ಅಜ್ಜಿಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ? ಬರಿಯ ಗುನುಗು ಬೇರೆ, ಹತ್ತಾರು ವಾದ್ಯಗಳ ಮೇಲೆ ಎದೆ ಬಿಚ್ಚಿ ಹಾಡುವುದು ಬೇರೆ. ಆಸೆ ಹುಟ್ಟಿಸಿ, ನಾಳೆ ಜನರೆದುರು ಅದೂ ಒಡೆದರೆ, ಎರಡನೆಯ ಸಲ ಅಜ್ಜಿಯ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಇನ್ನು ದೋನ್ ಎಲಿಹಿಯೊರ ಎದುರು ನಿಂತು ‘ನಿಮ್ಮ ರೆಕಿಂತೊ ಗಿಡ್ಡ’ ಎನ್ನುವುದು? ನೆನೆದರೇ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಕಟ್ಟಿಗೆ ಒಡೆಯುತ್ತಿದ್ದ ದೋನ್ ತಾಚೊರ ಬಳಿ ಹೋದೆ. ಅವರು ಕೊಡಲಿ ಇಳಿಸಿದರು.

‘ಏನಮ್ಮಾ?’

‘ನಾಳೆ... ಮರಿಂಬೋಲ್... ಹೊರಗೆ ತರ್ತೀರಾ?’

‘ಯಾಕೆ, ಕೋಳಿಗಳನ್ನೂ ಕುಣಿಸ್ಬೇಕಾ? ಅದು ತುಕ್ಕು ಹಿಡಿದಿದೆಯಂತಲ್ಲ. ದೊಡ್ಡ ಮನುಷ್ಯರು ಹೇಳಿದ್ದಾರೆ.’

ಅವರ ತೋಳು ಹಿಡಿದು ಪೆಟ್ಟಿಗೆಯ ಬಳಿ ಕರೆತಂದೆ. ಅಜ್ಜಿ ಇನ್ನೂ ಗುನುಗುತ್ತಿದ್ದಳು. ನಾಲಿಗೆ ಮೀಟಿದೆ. ಜರಾನಾ ಮೀಟಿದೆ. ಆಮೇಲೆ ಬಿರಡೆಯನ್ನು ಮೊದಲಿನ ಜಾಗಕ್ಕೆ ಬಿಗಿದು ಮತ್ತೆ ಮೀಟಿದೆ. ತಾಚೊರ ಹುಬ್ಬು ನಿಧಾನವಾಗಿ ಮೇಲೇರಿತು.

‘ಹಾಳಾದವ್ನೇ! ಎಂಟು ತಿಂಗಳು ನನ್ನ ಪೆಟ್ಟಿಗೆ ಮೇಲೆ ಕೋಳಿ ಹಿಕ್ಕೆ ಹಾಕಿಸ್ದ! ಈಗ್ಲೇ ಹೋಗಿ ಅವನ ಆ ಗಿಡ್ಡ ರೆಕಿಂತೊನ...’

‘ಬೇಡಿ, ಬೇಡಿ. ಏನೂ ಹೇಳ್ಬೇಡಿ. ಸುಮ್ನೆ ತಂದು ಕೂತ್ಕೊಳ್ಳಿ.’

ಅವರು ನನ್ನನ್ನೇ ನೋಡಿದರು. ಸುಮ್ಮನೆ ತಂದು ಕೂತರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು. ಕಬ್ಬಿಣದ ನಾಲಿಗೆಯನ್ನು ಬಿಗಿಯಲಾಗದು, ಸಡಿಲಿಸಲಾಗದು. ಮರಿಂಬೋಲ್ ಇರುವ ಕೂಟದಲ್ಲಿ ತಂತಿಯವರೇ ಅದರ ಬಳಿ ಹೋಗಬೇಕು. ನಮ್ಮ ಮುತ್ತಾತನ ಕಾಲದಿಂದಲೂ ಹಾಗೆಯೇ. ತಾಚೊರ ಮುಖದಲ್ಲಿ ಕಳ್ಳನಗೆ ಹರಡಿತು.

‘ಆಯ್ತು. ಆದ್ರೆ ನಿಲಾಗೆ ಯಾರು ಹೇಳೋದು?’

‘ನಾನೇ ಹೇಳ್ತೀನಿ. ಆಮೇಲೆ.’

‘ನೀನಾ!’ ಎಂದರು ತಾಚೊ. ಅಷ್ಟೇ ಎಂದರು. ಆದರೆ ಅದರಲ್ಲಿ ಎಲ್ಲವೂ ಇತ್ತು.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿದು, ಅಂಗಳದ ನಡುವೆ ಕುಣಿಯುವ ಹಲಗೆ ಹಾಸಿ, ಸುತ್ತ ಜನ ಸೇರಿದರು. ಒಳಕೋಣೆಯಲ್ಲಿ ಮಗು ಇನ್ನೂ ಹುಲ್ಲಿನ ಮೇಲಿತ್ತು. ಅಜ್ಜಿ ಬಿಳಿ ಲಂಗ ಉಟ್ಟು ಬಾಗಿಲ ಪಕ್ಕ ನಿಂತಿದ್ದಳು, ತುಟಿ ಬಿಗಿದಿತ್ತು. ಅವಳ ಕೈ ಶಾಲಿನ ಅಂಚನ್ನು ಸುತ್ತುತ್ತಾ ಬಿಡಿಸುತ್ತಾ ಇತ್ತು. ನಾನು ನನ್ನ ಜಾಗದಲ್ಲಿ, ರುತಿಲಿಯೊನ ಬೆನ್ನ ಹಿಂದೆ.

ದೋನ್ ಎಲಿಹಿಯೊ ತಂತಿ ನಗಿಸಲು ಶುರುಮಾಡಿದ್ದರು. ಅಷ್ಟರಲ್ಲಿ ತಾಚೊ ಮರಿಂಬೋಲ್ ಹೊತ್ತು ಬಂದರು. ತೊಳೆದು ಒರೆಸಿ ಎಣ್ಣೆ ಹಚ್ಚಿದ್ದರು, ಮಿರುಗುತ್ತಿತ್ತು. ಸಾಲಿನ ನಡುವೆ ಇಳಿಸಿ ಮೇಲೆ ಕೂತರು.

‘ಇದೇನಪ್ಪ, ಕೋಳಿಗೂಡು ಇಲ್ಲಿಗೂ ಬಂತು,’ ಎಂದರು ಎಲಿಹಿಯೊ.

‘ಬಂತು. ನನ್ನ ಮನೆ, ನನ್ನ ಅಂಗಳ, ನನ್ನ ಗೂಡು.’ ತಾಚೊ ಒಂದು ನಾಲಿಗೆ ಮೀಟಿದರು. ದೂಂ. ‘ತಗೊಳ್ಳಿ ಮಾರಾಯ್ರೆ, ಸ್ವರ.’

‘ಅದು ಶ್ರುತಿ ಬಿಟ್ಟಿದೆ ಅಂತ ಆವತ್ತೇ ಹೇಳ್ಲಿಲ್ವಾ?’

‘ಹೇಳಿದ್ರಿ. ನನ್ನ ಕಬ್ಬಿಣಕ್ಕೆ ಕಿವಿ ಕೇಳಿಸಲ್ಲ. ನಿಮ್ಮ ತಂತಿಗೆ ಕೇಳಿಸುತ್ತೆ. ಬನ್ನಿ ಕೆಳಗೆ.’

ಜನ ನಕ್ಕರು. ‘ಇಳೀರಿ ದೋನ್ ಎಲಿಹಿಯೊ, ಮಗು ಕಾಯ್ತಿದೆ!’ ಎಂದು ಯಾರೋ ಕೂಗಿದರು. ಮನೆಯ ಯಜಮಾನ ವಾದ್ಯ ತಂದಿಟ್ಟಮೇಲೆ ಒಲ್ಲೆ ಎನ್ನುವುದು ನಮ್ಮಲ್ಲಿಲ್ಲ. ಎಲಿಹಿಯೊ ಗೊಣಗುತ್ತಾ ಬಿರಡೆ ಸಡಿಲಿಸಿದರು. ಇಳಿಸಿದರು, ಇನ್ನೂ ಇಳಿಸಿದರು. ಕಡ್ಡಿಯಿಂದ ಮೀಟಿದಾಗ ಗಿಡ್ಡ ರೆಕಿಂತೊದ ಸಡಿಲ ತಂತಿ ಡಬ್ಬಿಯಲ್ಲಿ ಸಿಕ್ಕಿದ ಕಣಜದಂತೆ ಝರ್ರೆಂದಿತು.

ಅಂಗಳ ಗೊಳ್ಳೆಂದಿತು. ಎಲಿಹಿಯೊರ ಕಿವಿ ಕೆಂಪಾಯಿತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರು ಎದ್ದು ಹೋದರೆ ಕೂಟವೇ ಇಲ್ಲ. ಒಂದೇ ದಾರಿಯಿತ್ತು: ಗಿಡ್ಡ ವಾದ್ಯ ಕೆಳಗಿನ ಸ್ವರದಲ್ಲಿ ಹಾಡಬೇಕಾದರೆ ತಂತಿ ದಪ್ಪಗಿರಬೇಕು. ರುತಿಲಿಯೊನ ಬೆನ್ನಿಗೆ ಬೆರಳಿಂದ ತಿವಿದೆ.

‘ಅಣ್ಣಾ, ದಪ್ಪ ದಾರ ಇದೆಯಾ?’

‘ಎಂಥ ದಾರ?’

‘ಮೀನಿಂದು. ದಪ್ಪದ್ದು. ಕೊಡು ಅವ್ರಿಗೆ. ನಾನು ಹೇಳ್ದೆ ಅನ್ಬೇಡ.’

ರುತಿಲಿಯೊ ಬಲೆ, ಗಾಳ ಇಟ್ಟುಕೊಂಡವನು. ಅವನ ಗಾಡಿಯಲ್ಲಿ ನೈಲಾನ್ ದಾರದ ಸುರುಳಿ ಇಲ್ಲದ ದಿನವಿಲ್ಲ. ಎದ್ದು ಹೋಗಿ ತಂದು, ‘ದೋನ್ ಎಲಿಹಿಯೊ, ರೊಬಾಲೊ ಮೀನು ಹಿಡಿಯೋ ದಾರ. ಇದನ್ನ ಕಟ್ಟಿ ನೋಡಿ’ ಎಂದ.

‘ನಾನು ಇದನ್ನ ಮೀನಿನ ದಾರ ಕಟ್ಟೋಕೆ ಕೊರೆದಿಲ್ಲ!’

‘ಹಳೇದಕ್ಕೆ ಜೀವಮಾನವಿಡೀ ಏನು ಕಟ್ಟಿದ್ರಿ ನೀವು? ಬಿಷಪ್ಪರ ಕೂದ್ಲಾ?’ ಎಂದರು ಚೆಂಚಾ ಅಡುಗೆಮನೆಯ ಬಾಗಿಲಿಂದ.

ಮತ್ತೆ ನಗು. ಈ ಸಲ ಎಲಿಹಿಯೊರ ಮೀಸೆಯೂ ಸ್ವಲ್ಪ ಅಲುಗಿತು. ದಾರ ಕಟ್ಟಿದರು. ಎಳೆದು ಎಳೆದು ಪಳಗಿಸಿದರು. ಎಲ್ಲರೂ ಕೋಕೋದ ನೊರೆಪಾನಕ ಪೊಪೊ ಕುಡಿಯುತ್ತಾ, ನೊರೆ ಮೀಸೆ ಮಾಡಿಕೊಂಡು ಕಾದರು. ಕೊನೆಗೆ ಅವರು ಕೊಂಬಿನ ಕಡ್ಡಿ ಎತ್ತಿ ಧಾಟಿಯ ಮೊದಲ ತುಣುಕು ನುಡಿಸಿದರು. ಸ್ವರ ದಪ್ಪಗಿತ್ತು, ಮಬ್ಬಾಗಿತ್ತು, ಒಲೆಯ ಬದಿಯ ಮರದಂತೆ ಬೆಚ್ಚಗಿತ್ತು. ಅವರು ನಿಲ್ಲಿಸಿ ರೆಕಿಂತೊದ ಮೇಲೆ ಕೈಯಿಟ್ಟು ಕೂತರು. ಲಾರಿಯಡಿಗೆ ಹೋದ ಆ ಹಳೆಯದು ಹೀಗೆಯೇ ಇತ್ತು. ಮತ್ತೆ ಮೊದಲಿಂದ ನುಡಿಸಿದರು, ಈ ಬಾರಿ ಕಣ್ಣು ಮುಚ್ಚಿಕೊಂಡು. ಆಮೇಲೆ ಸ್ವರವನ್ನು ಪಕ್ಕದವರಿಗೆ ಕೊಟ್ಟರು.

ಅದು ಕೈಯಿಂದ ಕೈಗೆ ಬಂತು. ಹತ್ತು ಜರಾನಾಗಳ ಬಿರಡೆಗಳು ಒಟ್ಟಿಗೆ ಕಿರ್ರೆನ್ನುತ್ತಾ ಇಳಿದವು. ರುತಿಲಿಯೊ ಸೊಳ್ಳೆಯನ್ನು ನನ್ನ ಕಿವಿಗೆ ಹಿಡಿದ. ನಾನು ಇಳಿಸಬೇಕಾಗಿಯೇ ಇರಲಿಲ್ಲ, ಬೆಳಿಗ್ಗೆಯೇ ಇಳಿಸಿಟ್ಟಿದ್ದೆ.

ಅಜ್ಜಿ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ರೆಕಿಂತೊ ಕರೆಯಿತು, ಜರಾನಾಗಳು ಹೊಮ್ಮಿದವು, ಕೆಳಗಿನಿಂದ ದೂಂ ದೂಂ ಎಂದು ಪೆಟ್ಟಿಗೆ. ಅಜ್ಜಿ ಕಣ್ಣುಮುಚ್ಚಿ ಎತ್ತಿದಳು.

ಏಳು ಮಗುವೇ, ಹುಲ್ಲು ಹಾಸಿಗೆ
ಬೆಚ್ಚಗಾಯಿತು, ಸಾಕು;

ಇನ್ನು ಏರುವ ಸಾಲು. ನನ್ನ ಕೈ ತಾನಾಗಿ ಬಾರಿಸುತ್ತಿತ್ತು. ತಾಚೊ ತಲೆಯೆತ್ತಿದರು. ಅಜ್ಜಿಯ ಗದ್ದ ಮೇಲಾಯಿತು.

ಹೊರಗೆ ಹೊಳೆಯು ಕಾಯುತಿಹುದು,
ನಿನ್ನ ಪಾದವು ಬೇಕು!

ಹೋಯಿತು. ಮೇಲೆ ಹೋಗಿ ಅಲ್ಲೇ ನಿಂತಿತು, ಹೊಬೊ ಮರದ ತುದಿಯಲ್ಲಿ ಕೂತ ಹಕ್ಕಿಯ ಹಾಗೆ, ಆಮೇಲೆ ತನಗೆ ಬೇಕಾದಾಗ ಇಳಿಯಿತು. ಅಜ್ಜಿ ಕಣ್ಣು ತೆರೆದಳು. ತನ್ನದೇ ದನಿ ಬಂದ ಕಡೆ ತಿರುಗಿ ನೋಡುವವಳಂತೆ ಅತ್ತಿತ್ತ ನೋಡಿದಳು. ಹೊಳೆಯಾಚೆಯ ಹಾಡುಗಾರ ಜನರ ನಡುವಿಂದ ಎದ್ದು, ಅರಳಿದ ಮುಖದಲ್ಲಿ, ಮಗುವನ್ನು ಎಬ್ಬಿಸಿದ್ದು ಹಾಡೋ ಅಥವಾ ಈ ಮುದುಕಿಯ ಗೊರಕೆಯೋ ಎಂದು ಪದ ಕಟ್ಟಿ ಹಂಗಿಸಿದ. ಅಜ್ಜಿ ಆರು ತಿಂಗಳ ಹಸಿವಿನಿಂದ ಅವನ ಮೇಲೆ ಬಿದ್ದಳು. ಅವನ ಹಲ್ಲು, ಅವನ ಕುದುರೆ, ಅವನ ಮೊದಲ ಮದುವೆ, ಒಂದನ್ನೂ ಬಿಡಲಿಲ್ಲ. ಹೆಂಗಸರು ಹಲಗೆ ಹತ್ತಿದರು. ಅಂಗಳ ನಡುಗಿತು. ನನ್ನ ಒಂದು ತಂತಿಯೂ ಕಡಿಯಲಿಲ್ಲ.

ಇಳಿಬಿಸಿಲಿನ ಹೊತ್ತಿಗೆ ಬಿಡುವು ಬಂತು. ಎಲ್ಲರೂ ಅಜ್ಜಿಯ ಸುತ್ತ.

‘ಮಗು ಕೊಟ್ಟಿದ್ದು ಇದು! ಪವಾಡ ಅಲ್ದೆ ಇನ್ನೇನು?’ ಎಂದರು ಚೆಂಚಾ.

‘ಧರ್ಮತಾಯಿ ಅಂತ ಒಪ್ಕೊಂಡಳಲ್ಲ, ಅದಕ್ಕೇ ಗಂಟ್ಲು ವಾಪಸ್ ಕೊಟ್ಟ,’ ಎಂದರು ದೋನ್ ಎಲಿಹಿಯೊ. ಹಾಗೆನ್ನುತ್ತಾ ರೆಕಿಂತೊದ ದಪ್ಪ ದಾರವನ್ನು ಬಿಚ್ಚಲು ಬಿರಡೆಗೆ ಕೈಹಾಕಿದರು. ‘ಎಷ್ಟಾದ್ರೂ ಮೀನಿನ ದಾರ, ಇನ್ನು ತೆಗೀಬೇಕು. ಇವತ್ತಿಗೆ ಮಗು ಕ್ಷಮಿಸ್ಲಿ.’

ಅಜ್ಜಿ ಮಗುವಿನ ಪುಟ್ಟ ಪಾದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಮುಖ ತುಂಬಿ ಶಾಂತವಾಗಿತ್ತು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

‘ಒಂದು ಸಂಜೆ ಕೊಟ್ಟ. ನಂಗೆ ಅಷ್ಟು ಸಾಕು,’ ಎಂದಳು. ‘ಇನ್ನೂ ಬೇಕು ಅಂತ ಕೇಳಿದ್ರೆ ಆಸೆಬುರುಕಿ ಆಗ್ತೀನಿ. ಚೆಂಚಾ, ನೀನು ಕೊಟ್ಟ ಮಾತು ನೆನಪಿದೆಯಲ್ಲ? ಇವತ್ತಿಗೆ ಮುಗೀತು. ಇನ್ಮೇಲೆ ಹುಡುಗೀರು ಹಾಡ್ಲಿ.’ ಹೆಗಲ ಶಾಲು ತೆಗೆದು ಮಡಚತೊಡಗಿದಳು. ಆಗಸ್ಟಿನಲ್ಲಿ ಮಡಚಿದ ಹಾಗೆಯೇ, ಅಂಚಿಗೆ ಅಂಚು ಸೇರಿಸಿ.

ಪವಾಡಕ್ಕೆ ಯಾರು ಎದುರಾಡುತ್ತಾರೆ? ಪೆಟ್ಟಿಗೆಯ ಮೇಲಿಂದ ತಾಚೊ ನನ್ನತ್ತ ನೋಡಿದರು. ಹುಬ್ಬೆತ್ತಿದರು. ಬಾಯಿ ತೆರೆಯಲಿಲ್ಲ; ನಿನ್ನೆ ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರು.

ನಾನು ಎದ್ದೆ. ಮೂರನೆಯದು ಕೈಯಲ್ಲೇ ಇತ್ತು. ರುತಿಲಿಯೊನ ಬೆನ್ನಿನಿಂದ ಈಚೆಗೆ ಬಂದೆ. ‘ಅಜ್ಜಿ’ ಎಂದೆ. ಯಾರಿಗೂ ಕೇಳಿಸಲಿಲ್ಲ, ಚೆಂಚಾ ತಮಾಲೆ ಹಂಚುತ್ತಿದ್ದರು. ದೋನ್ ಎಲಿಹಿಯೊರ ಕೈ ಬಿರಡೆ ತಿರುಗಿಸುತ್ತಿತ್ತು. ಅಜ್ಜಿ ಶಾಲನ್ನು ನಾಲ್ಕು ಮಡಿಕೆ ಮಾಡಿದ್ದಳು.

‘ಅಜ್ಜೀ!’

ಈ ಸಲ ಎಲ್ಲರೂ ತಿರುಗಿದರು. ಅಂಗಳವಿಡೀ ನನ್ನನ್ನೇ ನೋಡುತ್ತಿತ್ತು. ಮುಖ ಕಾದ ಹೆಂ‍ಚಾಯಿತು. ಆದರೂ ನಾಲಿಗೆ ಅಂಟಿಕೊಳ್ಳಲಿಲ್ಲ.

‘ಅದನ್ನ ಬಿಚ್ಬೇಡಿ ದೋನ್ ಎಲಿಹಿಯೊ,’ ಎಂದೆ. ಆಮೇಲೆ ಅಜ್ಜಿಯ ಕಣ್ಣನ್ನೇ ನೋಡುತ್ತಾ ಹೇಳಿದೆ: ‘ನಿನ್ನ ಗಂಟಲು ಎಲ್ಲೂ ಹೋಗಿರ್ಲಿಲ್ಲ ಅಜ್ಜಿ. ನಾವೇ ಮೇಲೆ ಹೋಗಿದ್ವಿ.’